ಹಳೆಯ ಕೈಗಡಿಯಾರದ ಮೋಹ

ಹೊತ್ತು ತಿಳಿಯಬೇಕೆಂದು ಹಳೆಯ ಜರ್ಮನ್ ಕೈಗಡಿಯಾರವನ್ನು ಕೊಳ್ಳುವವನು ಯಾವನೂ ಇರಲಾರನು. ಒಂದು ದಿನ ಮುಂದೋಡುತ್ತದೆ, ಒಂದು ದಿನ ಹಿಂದುಳಿಯುತ್ತದೆ. ಕೀಲಿ ಕೊಡಲು ಮರೆತರೆ ಮುನಿಸಿಕೊಂಡು ನಿಂತೇಬಿಡುತ್ತದೆ. ಆದರೂ ಅದಕ್ಕಾಗಿ ತಿಂಗಳ ಸಂಬಳವನ್ನೇ ಸುರಿಯುವ ಗೃಹಸ್ಥರುಂಟು. ಅವರ ಮನೆಯೊಡತಿಯರ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಲೇಸು.

ಈ ಮೋಹದ ತವರೂರು ಸ್ಯಾಕ್ಸನಿಯ ಬೆಟ್ಟಗಳ ನಡುವಣ ಗ್ಲಾಸ್‌ಹ್ಯೂಟೆ. ಬಡತನದಲ್ಲಿ ಮುಳುಗಿದ್ದ ಆ ಊರಿನಲ್ಲಿ 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಎಂಬಾತನು ಸರ್ಕಾರದ ಸಾಲ ಪಡೆದು, 15 ಮಂದಿ ಹುಡುಗರಿಗೆ ಗಡಿಯಾರದ ಕೆಲಸ ಕಲಿಸತೊಡಗಿದನು. ಊರಿಗೆ ಅನ್ನ ದೊರೆಯಿತು, ಹೆಸರೂ ಬಂದಿತು.

ಸಂಗ್ರಾಹಕರು ಮುಗಿಬೀಳುವುದೂ, ಅವರ ಮನಸ್ಸನ್ನು ಕದಡುವುದೂ ಎರಡನೆಯ ಮಹಾಯುದ್ಧದ ‘ವೀಕ್ಷಕ’ ಗಡಿಯಾರ. ಅಡ್ಡಳತೆ 55 ಮಿಲಿಮೀಟರು! ವಿಮಾನದಲ್ಲಿ ದಾರಿಯ ಲೆಕ್ಕ ಹಾಕುವಾತನು ಅದನ್ನು ದಪ್ಪ ಕೋಟಿನ ತೋಳಿನ ಮೇಲೆಯೇ ಉದ್ದನೆಯ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದನು. ಲಾಂಗೆ ಸಂಸ್ಥೆಯೂ, ಪ್ಫೋರ್ಟ್ಸ್‌ಹೈಮ್ ನಗರದ ಲಾಕೊ, ಸ್ಟೊವಾ ಸಂಸ್ಥೆಗಳೂ ಅದನ್ನು ತಯಾರಿಸಿದವು. ಪರರ ಊರುಗಳನ್ನು ಸುಡಲು ಹೊರಟವರಿಗೆ ಅದು ದಾರಿ ತೋರಿಸಿತು. 1945ರ ಫೆಬ್ರವರಿ 23ರಂದು ಬ್ರಿಟಿಷ್ ವಿಮಾನಗಳು ಪ್ಫೋರ್ಟ್ಸ್‌ಹೈಮನ್ನೇ ಸುಟ್ಟವು. ಸತ್ತವರು 17,000ಕ್ಕೂ ಮೇಲು. ಮೇ 8ರಂದು, ಯುದ್ಧ ಮುಗಿದ ದಿನವೇ, ಗ್ಲಾಸ್‌ಹ್ಯೂಟೆಯ ಮೇಲೆ ಸೋವಿಯತ್ ಬಾಂಬುಗಳು ಬಿದ್ದವು. ಯಂತ್ರಕ್ಕೆ ಪಾಪವುಂಟೇ ಎಂದು ಸಂಗ್ರಾಹಕನು ಕೇಳಬಹುದು. ಇಲ್ಲದಿರಬಹುದು, ಆದರೆ ಅದನ್ನು ಕಟ್ಟಿಕೊಂಡು ಮದುವೆಮನೆಗೆ ಹೊರಡುವವನಿಗೆ ಅದರ ಚರಿತ್ರೆಯಾದರೂ ತಿಳಿದಿರಬೇಡವೆ? (ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ಬಳಿದ ರೇಡಿಯಂ ಇಂದಿಗೂ ಅಪಾಯಕಾರಿ, ಮುಚ್ಚಳ ತೆಗೆದು ಕೆದಕುವುದು ಹುಡುಗಾಟವಲ್ಲ.)

1951ರಲ್ಲಿ ಗ್ಲಾಸ್‌ಹ್ಯೂಟೆಯ ಕಾರ್ಖಾನೆಗಳೆಲ್ಲ ಸೇರಿ ಪೂರ್ವ ಜರ್ಮನಿಯ ಒಂದೇ ಸರ್ಕಾರಿ ಸಂಸ್ಥೆಯಾದವು. 1964ರಲ್ಲಿ ಅಲ್ಲಿಂದ ಬಂದ ‘ಸ್ಪೆಜಿಮ್ಯಾಟಿಕ್’ ಕೈಯ ಅಲುಗಾಟದಿಂದಲೇ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ಸಾಧು ಗಡಿಯಾರ. ಬೆಲೆಯೂ ಬಡವರಿಗೆ ನಿಲುಕುವಂಥದು. ಇಂತಹ ಹಳೆಯ ಗಡಿಯಾರಗಳಲ್ಲಿ ಕೆಲವದರ ಬೆನ್ನಿನ ಮೇಲೆ ಯಾರದೋ ಹೆಸರು, ಯಾವುದೋ ತಾರೀಖು ಕೆತ್ತಿರುತ್ತದೆ. ಉಜ್ಜಿ ಅಳಿಸಿದರೆ ಗಡಿಯಾರ ಹೊಸದರಂತೆ ಮಿನುಗೀತು. ಬಲ್ಲ ಸಂಗ್ರಾಹಕನು ಅಳಿಸುವುದಿಲ್ಲ. ಮಾಸಿದ ಮುಖಕ್ಕೆ ಹೊಸ ಬಣ್ಣವನ್ನೂ ಬಳಿಸುವುದಿಲ್ಲ. ಕಂಡರಿಯದ ಒಬ್ಬ ಮನುಷ್ಯನ ಹೆಸರು ಅವನ ನಾಡಿಗೆ ತಗುಲಿಕೊಂಡೇ ಇರುತ್ತದೆ.

ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿದ್ದ ಲಾಂಗೆಯ ಮರಿಮಗ ವಾಲ್ಟರ್, ಬರ್ಲಿನ್ ಗೋಡೆ ಉರುಳಿದ ಮೇಲೆ, 1990ರಲ್ಲಿ, ತನ್ನ 66ನೆಯ ವಯಸ್ಸಿನಲ್ಲಿ ಊರಿಗೆ ಮರಳಿ ಮನೆತನದ ಸಂಸ್ಥೆಯನ್ನು ಮತ್ತೆ ಸ್ಥಾಪಿಸಿದನು. 1994ರಲ್ಲಿ ಅದರ ಹೊಸ ಗಡಿಯಾರಗಳು ಹೊರಬಂದವು. ಸಾಮಾನ್ಯ ಸಂಗ್ರಾಹಕನು ಅವುಗಳ ಬೆಲೆ ಕೇಳಿ, ದೂರದಿಂದಲೇ ಕೈಮುಗಿದು, ತನ್ನ ಸ್ಪೆಜಿಮ್ಯಾಟಿಕನ್ನು ಕಿವಿಯ ಬಳಿಗೆ ಒಯ್ಯುತ್ತಾನೆ.