ಅರಳಿನ ಯಂತ್ರವೂ ರಾಗಿಯ ಓಡೂ

ಕೋಲಾರದ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಅರಳು ಎಂದರೆ ನೆನಪಿಗೆ ಬರುವುದು ರಾಗಿಯೇ ಹೊರತು ಮುಸುಕಿನ ಜೋಳವಲ್ಲ. ಆದರೆ ಈಚೆಗೆ ಮುಳಬಾಗಿಲಿನ ನಮ್ಮ ಮನೆಗೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಪಾಪ್‌ಕಾರ್ನ್ ಮಾಡುವ ಪುಟ್ಟ ವಿದ್ಯುತ್ ಯಂತ್ರವೊಂದನ್ನು ತಂದುಕೊಟ್ಟಿರುವನು. ಹಳೆಯ ಗೆಳತಿಯರು ಕೆಲವರು ಅದರ ಗುಣದೋಷಗಳನ್ನು ಕೇಳಿರುವುದರಿಂದ ನಾಲ್ಕು ಮಾತು ಬರೆಯುವೆವು.

ಇಂತಹ ಯಂತ್ರಗಳು ಹೊಸವೇನೂ ಅಲ್ಲ. ಅಮೇರಿಕದ ಚಾರ್ಲ್ಸ್ ಕ್ರೆಟರ್ಸ್ ಎಂಬಾತನು ಹಬೆಯಿಂದ ನಡೆಯುವ ಪಾಪ್‌ಕಾರ್ನ್ ಗಾಡಿಯನ್ನು 1893ರಲ್ಲೇ ಶಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಜನರ ಮುಂದಿಟ್ಟಿದ್ದನು. ನಮ್ಮಲ್ಲಿರುವುದು ಬಿಸಿಗಾಳಿಯದು, ಎಣ್ಣೆ ಬೇಡ, ಹೊಗೆಯಿಲ್ಲ. ದಾರಿಯಲ್ಲಿ ಸುಟ್ಟು ಮಾರುವ ತೆನೆಯ ಕಾಳು ಇದಕ್ಕೆ ಒದಗದು. ಗಟ್ಟಿ ಸಿಪ್ಪೆಯ ಬೇರೆ ಜಾತಿಯ ಕಾಳೇ ಬೇಕು. ಕಾಳಿನೊಳಗೆ ನೂರಕ್ಕೆ ಸುಮಾರು 14 ಪಾಲು ತೇವವಿರುವುದು. ಶಾಖವು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ವೇಳೆಗೆ ಆ ನೀರು ಹಬೆಯಾಗಿ ಒಳಗಿನಿಂದ ಒತ್ತುವುದು, ಸಿಪ್ಪೆ ಸಿಡಿಯುವುದು, ಹಿಟ್ಟು ನೊರೆಯಂತೆ ಉಬ್ಬಿ ನಿಲ್ಲುವುದು. ಸಿಪ್ಪೆ ಬಿರಿದ ಕಾಳೂ ತೀರ ಒಣಗಿದ ಕಾಳೂ ಅರಳಲಾರವು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಮಾತ್ರ ಇದನ್ನು ಕೊಡಬಾರದು; ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಂಟು.

ನಮ್ಮ ಅತ್ತೆಯವರು ಯಂತ್ರದ ಬಳಿ ಕುಳಿತು ಅದರ ಸದ್ದನ್ನು ಆಲಿಸಿದರು. ಅವರಿಗೆ ಕಣ್ಣು ಕಾಣದಾಗಿ ಮೂರು ವರ್ಷಗಳಾದುವು. “ಸದ್ದು ತಡೆತಡೆದು ಬರುತ್ತಿದೆ, ಇನ್ನು ಸಾಕು, ನಿಲ್ಲಿಸಮ್ಮ” ಎಂದರು. ನಿಲ್ಲಿಸಿ ನೋಡಿದರೆ ಒಂದು ಕಾಳಾದರೂ ಸೀದಿರಲಿಲ್ಲ. ಶ್ರೀನಿವಾಸಪುರದ ತವರಿನಲ್ಲಿ ಹತ್ತು ವರ್ಷದವರಿದ್ದಾಗಿನಿಂದ ಓಡಿನ ಮುಂದೆ ಕುಳಿತ ಕಿವಿಯದು! ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಬಂದಿತೆಂದು ನಾವು ಹೆಮ್ಮೆಪಡುವೆವಷ್ಟೆ; ಹೆಂಗಸರ ಅಡಿಗೆಮನೆಯ ಹೊಗೆಯು ಅದಾದ ಮೇಲೆಯೂ ಎಷ್ಟೋ ಕಾಲ ಹಾಗೆಯೇ ಉಳಿದಿತ್ತು.

ಅವರಿಗೆ ಈಗ ಹಲ್ಲಿಲ್ಲ. ಬೆಳಿಗ್ಗೆ ಬೆಲ್ಲ ಬೆರೆಸಿದ ರಾಗಿಯ ಹುರಿಹಿಟ್ಟೇ ಆಹಾರ. ಯಂತ್ರವು ಇಲ್ಲಿ ಕೈಬಿಟ್ಟಿತು. ಸಾಸಿವೆಯಷ್ಟು ಸಣ್ಣ ರಾಗಿಯು ಆ ಗಾಳಿಗೆ ನಿಲ್ಲುವುದಾದರೂ ಹೇಗೆ? ಮಾಲೂರಿನಿಂದ ತಂದಿದ್ದ ಮಣ್ಣಿನ ಓಡು, ಜರಡಿ ಹಿಡಿದ ಮರಳು ಇವೇ ಬೇಕಾದುವು. ಓಡು ನಮ್ಮಲ್ಲಿತ್ತು, ಹದ ಮಾತ್ರ ಅವರ ಅಂಗೈಯಲ್ಲಿತ್ತು. ರಾಗಿಗೆ ನೀರು ಚಿಮುಕಿಸಿ, ಒದ್ದೆಬಟ್ಟೆ ಮುಚ್ಚಿ, ರಾತ್ರಿಯೆಲ್ಲ ಇಟ್ಟು, ಮರುದಿನ ಕಾದ ಮರಳಿನಲ್ಲಿ ಹುರಿಯಬೇಕು. ನೀರು ಎಷ್ಟು ಎಂದರೆ, “ಕೈಗೆ ತಣ್ಣಗಿರಬೇಕು, ಅಂಟಬಾರದು” ಎನ್ನುವರು. ಅವರ ಕೈಯೂ ಈಚೆಗೆ ನಡುಗುತ್ತಿರುವುದನ್ನು ಕಂಡು ನಮಗೆ ಕಳವಳವಾಯಿತು.

ಆಗ ಮೊಮ್ಮಗಳು ತಕ್ಕಡಿ ತಂದಳು. ಅಜ್ಜಿಯು ಸಾಕೆನ್ನುವವರೆಗೆ ನೀರು ಚಿಮುಕಿಸಿ, ಮೊದಲೂ ಕೊನೆಯಲ್ಲೂ ತೂಗಿದಳು. 1 ಕಿಲೋ ರಾಗಿಯು ಸುಮಾರು 85 ಗ್ರಾಂ ನೀರನ್ನು ಕುಡಿದಿತ್ತು. ಮತ್ತೊಂದು ದಿನ ತೂಗಿದಾಗ 90 ಬಂದಿತು. “ಈ ರಾಗಿ ಹಳೆಯದು, ಹೆಚ್ಚು ಕುಡಿಯುತ್ತದೆ” ಎಂದು ಅತ್ತೆಯವರು ತೂಗುವ ಮೊದಲೇ ಹೇಳಿದ್ದರು. ಹುಡುಗಿಯು ಎರಡು ಅಂಕಿಗಳನ್ನೂ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿರುವಳು. ಸುಗ್ಗಿಯ ಹೊಸ ರಾಗಿ ಬಂದೊಡನೆ ಮೂರನೆಯ ಸಲ ತೂಗಬೇಕಾಗಿದೆ.