ನೀರು ಹೊರುವವರ ಲೆಕ್ಕ

ನಾವು ಆರು ಜನ. ನಮ್ಮಲ್ಲಿ ಐವರ ಅಪ್ಪಂದಿರಿಗೆ ಹೆಬ್ಬೆಟ್ಟೇ ಸಹಿ. ಬೈಬಲ್ಲಿನಲ್ಲಿ ಯೆಹೋಶುವನಿಂದ ಎಸ್ತೇರಳವರೆಗಿನ 12 ಚರಿತ್ರೆ ಪುಸ್ತಕಗಳನ್ನು ಒಟ್ಟಿಗೆ ಓದೋಣ ಅಂತ ಕೂತೆವು. ಶನಿವಾರದ ರಾತ್ರಿ, ಕೇರಿಯ ಗೆಳೆಯನ ಮನೆ ಜಗಲಿ. ಅವನ ತಾತನ ಕಾಲಕ್ಕೇ ಕಿರಿಸ್ತಾನರಾದ ಮನೆ. ಅದಕ್ಕೇ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಅವನಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟಿಲ್ಲ. ಕೇರಿ ಮಾತ್ರ ಅದೇ ಕೇರಿ. ಪುಸ್ತಕ ಅವನ ಅಜ್ಜಿಯದು. ಅಜ್ಜಿಗೆ ಓದು ಬಾರದು, ಕೇಳಲು ಕೂರುತ್ತಿದ್ದಳು.

ನಿಜ ಹೇಳಬೇಕೆಂದರೆ ನಮ್ಮ ಕತೆಯನ್ನೇ ಹುಡುಕಿಕೊಂಡು ಹೋಗಿದ್ದೆವು. ಐಗುಪ್ತದಲ್ಲಿ ಇಟ್ಟಿಗೆ ಕುಯ್ದ ಜೀತದವರು ಬಿಡುಗಡೆಯಾಗಿ ನೆಲ ಪಡೆಯಲು ಹೊರಟಿದ್ದಾರೆ. ಇನ್ನೇನು ಬೇಕು? ಯೊರ್ದನ್ ಹೊಳೆಯನ್ನು ಅವರ ಜೊತೆ ನಾವೂ ದಾಟಿದೆವು. ಯೆರಿಕೋ ಗೋಡೆ ಬಿದ್ದಾಗ ಒಬ್ಬ ಶಿಳ್ಳೆ ಹಾಕಿದ. ರಾಹಾಬಳ ಮನೆಯೊಂದು ಬಿಟ್ಟು ಗೋಡೆಯೊಳಗಿನ ಹೆಂಗಸರು ಮಕ್ಕಳು ಮುದುಕರು ಯಾರನ್ನೂ ಉಳಿಸಲಿಲ್ಲ ಅಂತ ಮುಂದೆ ಬಂತು. ಶಿಳ್ಳೆ ನಿಂತಿತು.

ಒಂಬತ್ತನೇ ಅಧ್ಯಾಯ. ಗಿಬ್ಯೋನಿನ ಜನ ಜೀವ ಉಳಿಸಿಕೊಳ್ಳಲು ವೇಷ ಹಾಕುತ್ತಾರೆ. ತೇಪೆ ಹಾಕಿದ ಕೆರ, ಹರಕು ಬಟ್ಟೆ, ಬೂಷ್ಟು ಹಿಡಿದ ರೊಟ್ಟಿ. ದೂರದ ಊರಿನವರು ಅಂತ ನಂಬಿಸಿ ಆಣೆ ಹಾಕಿಸಿಕೊಳ್ಳುತ್ತಾರೆ. ಮೂರೇ ದಿನಕ್ಕೆ ಗುಟ್ಟು ರಟ್ಟು. ಆಣೆ ಇಟ್ಟಾಗಿದೆ, ಕೊಲ್ಲುವಂತಿಲ್ಲ. ಶಾಪ ಕೊಟ್ಟು ಸೌದೆ ಒಡೆಯಲು, ನೀರು ಹೊರಲು ಇಟ್ಟುಕೊಂಡರು. ತಲೆತಲಾಂತರಕ್ಕೆ.

ಓದುತ್ತಿದ್ದವನ ದನಿ ಕಟ್ಟಿತು. ಅವನಪ್ಪ ಇಪ್ಪತ್ತು ವರ್ಷ ಒಂದೇ ಮನೆಗೆ ಸೌದೆ ಒಡೆದವರು. ಆ ವೇಷವೂ ನಮಗೆ ಗೊತ್ತು. ಪ್ಯಾಟೆಯಲ್ಲಿ ರೂಮು ಹುಡುಕುವಾಗ ಊರು, ಹೆಸರು, ಊಟ ಎಲ್ಲ ಸುಳ್ಳು ಹೇಳಿದ್ದೇವೆ. ಗುಟ್ಟು ನಿಂತದ್ದು ನಮಗೂ ಮೂರೇ ದಿನ. ಒಂದು ವ್ಯತ್ಯಾಸ ಇದೆ: ಅವರಿಗೆ ದೇವರ ಬಲಿಪೀಠಕ್ಕೆ ನೀರು ಹೊರುವ ಶಿಕ್ಷೆ, ನಮಗೆ ನೀರೇ ಮುಟ್ಟಬಾರದೆಂಬ ಶಿಕ್ಷೆ. ಮಹಾಡಿನ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿಯಲು 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಬೇಕಾಯಿತು.

ಅವತ್ತು ಜಗಳವೇ ಆಯಿತು. ಇದೂ ಗೆದ್ದವರ ಪುರಾಣವೇ, ಮುಚ್ಚಿಡ್ರೋ ಎಂದರು ಇಬ್ಬರು. ಗೆಳೆಯನ ಮುಖ ಸಪ್ಪಗಾಯಿತು. ಅಜ್ಜಿ ಮಾತ್ರ, "ಮುಚ್ಚುಬುಟ್ರೆ ಆ ನೀರು ಹೊರೋರು ಏನಾದ್ರು ಅಂತ ಹೆಂಗೆ ಗೊತ್ತಾದದು? ಓದ್ರಪ್ಪ" ಅಂದಳು.

ಆಮೇಲೆ ಅವರನ್ನೇ ಹುಡುಕುತ್ತ ಓದಿದೆವು. ಸೌಲ ಅವರನ್ನು ಕೊಲ್ಲಿಸಿದ. ಅದಕ್ಕೆ ಮೂರು ವರ್ಷ ಬರ ಬಂತು. ದಾವೀದ ಸೌಲನ ವಂಶದ ಏಳು ಜನರನ್ನು ಗಿಬ್ಯೋನಿನವರ ಕೈಗೊಪ್ಪಿಸಿದ. ಬೆಟ್ಟದ ಮೇಲೆ ಏಳು ಹೆಣ. ಅದರಲ್ಲಿ ಇಬ್ಬರ ತಾಯಿ ರಿಚ್ಪ. ಬಂಡೆ ಮೇಲೆ ಗೋಣಿತಟ್ಟು ಹಾಸಿ, ಸುಗ್ಗಿಯಿಂದ ಮಳೆ ಬೀಳುವ ತನಕ, ಹಗಲು ಹಕ್ಕಿ ರಾತ್ರಿ ಕಾಡುಮೃಗ ಓಡಿಸುತ್ತ ಕೂತಳು. ನಮ್ಮ ಸಿಟ್ಟು ಯಾರ ಕಡೆ ನಿಲ್ಲಬೇಕೋ ತಿಳಿಯದೆ ಒದ್ದಾಡಿತು. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಸೊಲೊಮೋನನ ಜಾಣತನದ ಕತೆ ಕೇಳಿದ್ದೆವು. ಅವನ ಬಿಟ್ಟಿ ಚಾಕರಿಯ ಲೆಕ್ಕ ಯಾರೂ ಹೇಳಿರಲಿಲ್ಲ: 30,000 ಬಿಟ್ಟಿ ಆಳು, 70,000 ಹೊರೆಯಾಳು, ಕಲ್ಲು ಕಡಿಯುವವರು 80,000. ಗುಡಿ ಕಟ್ಟಿದವನು ಸೊಲೊಮೋನನಂತೆ! ಅವನ ಮಗ ನೊಗ ಇನ್ನೂ ಭಾರ ಮಾಡುತ್ತೇನೆ ಅಂದಾಗ ಜನ ಬಿಟ್ಟಿಯ ಮೇಲ್ವಿಚಾರಕನನ್ನು ಕಲ್ಲು ಹೊಡೆದು ಕೊಂದರು. ಪೂರ್ವಕಾಲವೃತ್ತಾಂತದ ಹೆಸರುಗಳ ಪಟ್ಟಿಗೆ ಎಲ್ಲರೂ ತೂಕಡಿಸಿದೆವು.

ಕೊನೆಕೊನೆಗೆ ನೆಹೆಮೀಯ. ಹಾಳುಬಿದ್ದ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದಾರೆ. ತೆಕೋವದ ದೊಡ್ಡ ಮನುಷ್ಯರು ಹೆಗಲು ಕೊಡಲಿಲ್ಲವಂತೆ. ಎರಡು ವಚನ ಕೆಳಗೆ ಗಿಬ್ಯೋನಿನವರು! ಗೋಡೆ ಕಟ್ಟುತ್ತಿದ್ದಾರೆ. ಸೆರೆಯಿಂದ ಮರಳಿದವರ ಪಟ್ಟಿಯಲ್ಲೂ ಅವರ ಲೆಕ್ಕ ಸಿಕ್ಕಿತು: 95.

"ಎಷ್ಟಂದೆ?" ಅಂದಳು ಅಜ್ಜಿ. ಮತ್ತೆ ಓದಿದೆವು. ಎಲೆಯಡಿಕೆ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವ್ರು ಗ್ವಾಡೆ ಕಟ್ಟೋಕೋದ್ರೆ, ನೀರು ಹೊರೋಕೆ ಇನ್ಯಾರ್ನ ಮಡಗವ್ರಂತೆ? ನೋಡು."

ನಾವು ಪುಟ ತಿರುವುತ್ತ ಕೂತೆವು.