ಮೂವತ್ತಮೂರೂ ಚಿಲ್ಲರೆ

ಹವ್ಯಾಸಗಳಲ್ಲಿ ಮರ್ಯಾದಸ್ಥವಾದವು ಕೆಲವಿವೆ: ಅಂಚೆಚೀಟಿ ಕೂಡಿಡುವುದು, ಹಳೆಯ ನಾಣ್ಯ ಕೂಡಿಡುವುದು. ನನ್ನದು ಆ ಪಂಕ್ತಿಗೆ ಸೇರಿದ್ದಲ್ಲ. ಭಾನುವಾರದ ಬೆಳಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಹಳೆಯ ಸಾಮಾನಿನ ಸಂತೆ ಸೇರುತ್ತದೆಯಷ್ಟೆ. ಅಲ್ಲಿ ತುಕ್ಕು ಹಿಡಿದ ನಲ್ಲಿ, ಒಂಟಿ ಬೂಟು, ಗಾಜು ಒಡೆದ ಗಡಿಯಾರಗಳ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತು ಗ್ರಾಮಾಫೋನ್ ತಟ್ಟೆಗಳನ್ನು ಮಗುಚಿ ಹಾಕುತ್ತಿರುವ ವಿದ್ಯಾರ್ಥಿಯನ್ನು ನೀವು ಕಂಡಿದ್ದರೆ, ಅವನು ನಾನೇ.

ತಟ್ಟೆಗಳಲ್ಲಿಯೂ ನನಗೆ ಬೇಕಾದದ್ದು ಒಂದೇ ಬಗೆ. ಜಾಜ್ ಫ್ಯೂಷನ್ ಎಂಬುದು. ಅಮೆರಿಕದ ಕಪ್ಪು ಜನರು ಬೆಳೆಸಿದ ಜಾಜ್ ಸಂಗೀತಕ್ಕೆ 1960ರ ದಶಕದ ಕೊನೆಯಲ್ಲಿ ರಾಕ್ ಸಂಗೀತದ ವಿದ್ಯುತ್ ಗಿಟಾರೂ ತಾಳದ ಬಿರುಸೂ ಬಂದು ಕೂಡಿ ಹುಟ್ಟಿದ ಸಂತಾನ ಅದು. ಮೈಲ್ಸ್ ಡೇವಿಸರ 1969ರ ‘ಇನ್ ಎ ಸೈಲೆಂಟ್ ವೇ’ಯಲ್ಲಿ ಗಿಟಾರ್ ನುಡಿಸಿದ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್, 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಅದರ ಅಬ್ಬರ ಸಾಕಾಯಿತೋ ಏನೋ, ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿನಾಯಕರಾಮ್ ಅವರೊಡನೆ ‘ಶಕ್ತಿ’ ಎಂಬ ಮೇಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ನಮ್ಮ ಊರಿನ ಪಾಲೂ ಇದರಲ್ಲಿದೆ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ ಕೂಡಿ ನುಡಿಸಿದ ‘ಜ್ಯೋತಿ’ 1983ರಲ್ಲಿ ಬಂದಿತು. ಅದಕ್ಕಾಗಿ ನಾನು ಎಷ್ಟು ಭಾನುವಾರಗಳನ್ನು ಕಳೆದೆನೆಂಬುದನ್ನು ನನ್ನ ಹಾಜರಿ ಪುಸ್ತಕದವರು ಕೇಳದಿದ್ದರೆ ಕ್ಷೇಮ. ಸೋಮವಾರಗಳೂ ಕೆಲವು ಹೋಗಿವೆ.

‘ಶಕ್ತಿ’ಯ 1976ರ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಮಾತ್ರ ಒಂದು ದಿನ ಕೈಗೆ ಸಿಕ್ಕಿತು. ಹೊದಿಕೆಗೆ ಗೆದ್ದಲು ಮುತ್ತಿಟ್ಟಿತ್ತು. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಗೀರು ಉಗುರಿಗೆ ಸಿಕ್ಕುವಷ್ಟು ಆಳವಿರಲಿಲ್ಲ. “ಇದ್ರಲ್ಲಿ ಹಾಡೇ ಇಲ್ಲ ಸಾರ್, ಬರೀ ಗಲಾಟೆ. ಇನ್ನೂರು ಕೊಟ್ಟು ತಗೊಂಡೋಗಿ” ಎಂದ ಮಾರುವಾತ. ಹಾಡಿರುವ ಸಿನಿಮಾ ತಟ್ಟೆಗೆ ಅವನು ಐನೂರು ಹೇಳುತ್ತಿದ್ದ.

ಯಂತ್ರವೂ ಅದೇ ಬೀದಿಯದು, ಅಮೆರಿಕದಲ್ಲಿ ತಯಾರಾದದ್ದು. ಅಡಿಯ ತಗಡಿನ ಮೇಲೆ 110 ವೋಲ್ಟ್, 60 ಸೈಕಲ್ ಎಂದು ಬರೆದಿತ್ತು. 110ನ್ನು ಓದಿ ಜಾಣನಾಗಿ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಕೊಂಡೆ. 60ನ್ನು ಓದಿದೆ, ಬಿಟ್ಟೆ.

ಅಲ್ಲಿಂದ ಎರಡು ತಿಂಗಳು ನಾನು ಪಂಡಿತನಾಗಿದ್ದೆ. ಕಾಲೇಜಿನ ಲಲಿತಕಲಾ ಸಂಘದಲ್ಲಿ ಭಾಷಣವನ್ನೂ ಮಾಡಿದೆ. ಈ ಸಂಗೀತದ ಜೀವಾಳವೇ ಮಂದಗಮನ, ಮಂದ್ರಗಾಂಭೀರ್ಯ ಎಂದೆ. ಚಪ್ಪಾಳೆ ಬಿತ್ತು. ಮೊಬೈಲಿನಲ್ಲಿ ಒಮ್ಮೆ ಕೇಳಿ ನೋಡಬಾರದಿತ್ತೆ ಎನ್ನುವಿರಾ? ತಟ್ಟೆಯಲ್ಲಿ ಕೇಳುವವನು ಮೊಬೈಲನ್ನು ಕೀಳೆಂದು ಭಾವಿಸತಕ್ಕದ್ದು. ಅದು ಈ ಮತದ ಮೊದಲನೆಯ ವಿಧಿ.

ಇನ್ನು ಬರೆಯಲು ಕಷ್ಟವಾದ ಭಾಗ. ನನ್ನ ತಂದೆ ಮದುವೆಮನೆಗಳಲ್ಲಿ ವಾಲಗ ಊದುವವರು. ಕಾಲೇಜಿಗೆ ಸೇರಿದಾಗ ಯಾರೋ ಕೇಳಿದ್ದಕ್ಕೆ “ವ್ಯಾಪಾರ” ಎಂದುಬಿಟ್ಟಿದ್ದೆ. ಆಮೇಲೆ ತಿದ್ದುವ ಸಂದರ್ಭವನ್ನು ನಾನೇ ತಪ್ಪಿಸಿಕೊಂಡು ಬಂದೆ. ಒಂದು ಮುಹೂರ್ತಕ್ಕೆಂದು ಬೆಂಗಳೂರಿಗೆ ಬಂದ ಅಪ್ಪ, ಮುಗಿಸಿಕೊಂಡು ನೇರವಾಗಿ ನನ್ನ ಕೋಣೆಗೆ ಬಂದರು. ಹೆಗಲಿನಲ್ಲಿ ನಾಗಸ್ವರದ ಉದ್ದನೆಯ ಚೀಲ. ಒಳಗೆ ಇಬ್ಬರು ಗೆಳೆಯರು ಕುಳಿತು ‘ಶಕ್ತಿ’ ಕೇಳುತ್ತಿದ್ದರು.

“ನಮ್ಮೂರಿನವರು” ಎಂದೆ.

ಅಪ್ಪ ಏನೂ ಅನ್ನಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ ಬಾಗಿಲ ಬಳಿ ಕುಳಿತರು. ತಟ್ಟೆಯ ಮೊದಲಿಗೇ ಬಾಯಿಂದ ಜತಿ ಹೇಳುವ ಭಾಗವಿದೆ. ಅದನ್ನು ಎರಡನೆಯ ಸಲ ಹಾಕಿದಾಗ ಮೆಲ್ಲಗೆ ಕೇಳಿದರು: “ಇದು ಮನುಷ್ಯರ ಶಾರೀರವೇನೋ? ಎಮ್ಮೆ ಕೆರೇಲಿ ಮುಳುಗಿ ಹೇಳ್ದಂಗಿದೆ. ಘಟದ ನಾದವೂ ಇಷ್ಟು ಮಬ್ಬಾಗಿರಲ್ಲ. ಯಾರೋ ಕೆಳಕ್ಕೆ ಎಳೀತಾವ್ರೆ.”

ಗೆಳೆಯನೊಬ್ಬ ನಗುತ್ತಲೇ ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸಿದ. ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಆಗಬೇಕು, ಇಪ್ಪತ್ತೆಂಟೂ ತುಂಬಲಿಲ್ಲ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಸೈಕಲ್ಲಿನದು, ನಮ್ಮದು 50ರದು. ಅಂಥ ಮೋಟಾರು ಸೈಕಲ್ಲಿಗೆ ತಕ್ಕ ಹಾಗೆ ತಿರುಗುತ್ತದೆಯೇ ಹೊರತು ವೋಲ್ಟಿಗಲ್ಲ. ಆರರಲ್ಲಿ ಒಂದು ಪಾಲು ವೇಗ ಹೋಗಿತ್ತು. ಶ್ರುತಿ ಸುಮಾರು ಮೂರು ಸ್ವರಸ್ಥಾನ ಇಳಿದಿತ್ತು. ನಾನು ಸಭೆಯಲ್ಲಿ ಕೊಂಡಾಡಿದ ಗಾಂಭೀರ್ಯವೆಲ್ಲ ವಿದ್ಯುತ್ತಿನದು.

“ನಿಮಗೆ ಸಂಗೀತ ಬರುತ್ತದೆಯೇ?” ಎಂದು ಅದೇ ಗೆಳೆಯ ಅಪ್ಪನನ್ನು ಕೇಳಿದ. ಅಪ್ಪ ನನ್ನ ಮುಖ ನೋಡಿದರು. ನಾನು ಸೂಜಿಯ ಧೂಳು ಒರೆಸುವುದರಲ್ಲಿ ಮಗ್ನನಾದೆ. “ಏನೋ, ಸ್ವಲ್ಪ ಕೇಳಿದೀನಿ” ಎಂದು ಅವರೇ ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟರು. ಆ ಗೆಳೆಯರಿಬ್ಬರೂ ಈ ಸಂಚಿಕೆಯನ್ನು ಓದುತ್ತಾರೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವರು ನನ್ನ ತಂದೆ.

ಲೇತ್ ಕೆಲಸದವರೊಬ್ಬರು ಮೋಟಾರಿನ ರಾಟೆಗೆ ಐದರಲ್ಲೊಂದು ಪಾಲು ದಪ್ಪ ಹೆಚ್ಚಿಸುವ ಹಿತ್ತಾಳೆಯ ಬಳೆಯೊಂದನ್ನು ಕಡೆದುಕೊಟ್ಟರು. ಈಗ ಕಾಗದದ ಚೂರು ಲೆಕ್ಕಕ್ಕೆ ಸರಿಯಾಗಿ ತಿರುಗುತ್ತದೆ. ಮಂದಗಮನ ಎಂದಿದ್ದೆನಲ್ಲ, ಆ ಪಿಟೀಲು ಗಿಟಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವುದನ್ನು ಕೇಳಿ ನನಗೆ ನಾಚಿಕೆಯಾಯಿತು.

ರಜೆಗೆ ಯಂತ್ರವನ್ನೇ ಊರಿಗೆ ಹೊತ್ತುಕೊಂಡು ಹೋದೆ. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳೆಣಿಸುತ್ತ ಒಂದು ಪಕ್ಕವನ್ನು ಪೂರ್ತಿ ಕೇಳಿದರು. “ಈಗ ಮನುಷ್ಯರಾದರು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆ ತಬಲದವರು ಈಗ ಎಲ್ಲಿದಾರೆ?” ಎಂದು ಕೇಳಿದರು.

2024ರ ಡಿಸೆಂಬರಿನಲ್ಲಿ ತೀರಿಕೊಂಡರು ಎಂದೆ.

ಅಪ್ಪ ಪಂಚೆ ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. “ಇನ್ನೊಂದು ಸಲ ಹಾಕು” ಎಂದರು.